ಮೇಡಂ ಮೀಟಿಂಗಿಗೆ ಹೋದ ದಿನ

ಈ ವಾರ ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯ ಮೇಡಂ ಮಕ್ಕಳನ್ನು ಸೇರಿಸಿ ಅಂತ ಮನೆಮನೆ ಸುತ್ತಿದರು. ನಾಯಿಗಳಿಗೆ ಹೆದರುತ್ತಾರೆ ಅಂತ ನಾನೂ ಜೊತೆಗೆ ಹೋದೆ. ಬಿಸಿಯೂಟ, ಹಾಲು, ಮೊಟ್ಟೆ, ಪುಸ್ತಕ ಎಲ್ಲ ಫ್ರೀ ಅಂತ ಪ್ರತಿ ಮನೆಯಲ್ಲೂ ಹೇಳಿದರು. ತೋಟದಾಚೆಯ ಮನೆಯಾಕೆ ಅಡಿಕೆ ಹರವುತ್ತಲೇ ಕೇಳಿದರು: "ಮೊಟ್ಟೆ ನಮ್ಮ ಕೋಳಿನೂ ಇಡುತ್ತೆ ಮೇಡಂ. ನೀವು ಮೀಟಿಂಗಿಗೆ ಹೋದ ದಿನ ಪಾಠ ಯಾರು ಮಾಡ್ತಾರೆ?"

ಮೇಡಂ ಸುಮ್ನೆ ನಕ್ಕರು. ಏನು ಹೇಳ್ತಾರೆ ಪಾಪ? ಐದೂ ತರಗತಿಗೆ ಅವರೊಬ್ಬರೇ. ಅವರಿಲ್ಲದ ದಿನ ಅಡುಗೆಯಾಕೆ ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸುತ್ತಾರೆ. ಮೀಟಿಂಗ್, ತರಬೇತಿ, ಮತದಾರರ ಪಟ್ಟಿ, ಗಣತಿ, ಒಂದಾ ಎರಡಾ?

ಜನಕ್ಕೆ ಇಂಗ್ಲಿಷ್ ಹುಚ್ಚು ಅಂತ ಬೈಯೋದು ಸುಲಭ. ಆ ಹುಚ್ಚು ಇಲ್ಲ ಅಂತಲ್ಲ. ಆದರೆ ಆಕೆ ಇಂಗ್ಲಿಷ್ ಸುದ್ದಿಯನ್ನೇ ಎತ್ತಲಿಲ್ಲ ನೋಡಿ. ಮೀಟಿಂಗಿಗೆ ಹೋದ ದಿನ ಯಾರು, ಅಷ್ಟೇ. ನನ್ನ ಪ್ರಕಾರ ಊರಿನಲ್ಲಿ ಶಾಲೆಯ ಬಗ್ಗೆ ಸರಿಯಾಗಿ ಯೋಚಿಸಿದವರು ಅವರೊಬ್ಬರೇ.

ನಲಿ-ಕಲಿ ಅಂದರೆ ಕಾರ್ಡು ಹಿಡಿದು ಆಡುತ್ತಾ ಕಲಿಯೋದು; ಅದರಲ್ಲಿ ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ, ಒಳ್ಳೆಯದೇ. ಆದರೆ ಕಾರ್ಡು ಹಿಡಿದ ಚಿಕ್ಕವರ ಪಕ್ಕದಲ್ಲೇ ನಾಲ್ಕು, ಐದನೆಯವರೂ ಇದ್ದು, ಅವರಿಗೆ ಭಾಗಾಕಾರ ಹೇಳಿಕೊಡುವಾಗ ಇವರು ಜಗಳಕ್ಕೆ ಬಿದ್ದು, ಅಷ್ಟರಲ್ಲಿ ಆನ್‌ಲೈನ್ ಮಾಹಿತಿ ಈಗಲೇ ಕಳಿಸಿ ಅಂತ ಫೋನ್ ಬಂದರೆ ಕಲಿಕೆ ಎಲ್ಲಿಂದ ಬರಬೇಕು? ಆಮೇಲೆ ಓದಲು ಬರಲ್ಲ ಅಂತ ದೂರು. ಇನ್ನೆರಡು ಮಕ್ಕಳು ಖಾಸಗಿ ಶಾಲೆಯ ವ್ಯಾನ್ ಹತ್ತುತ್ತಾರೆ. ಮಕ್ಕಳು ಕಡಿಮೆ ಅಂತ ಶಿಕ್ಷಕರೂ ಕಡಿಮೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು ಅನ್ನುತ್ತದೆ. ಹತ್ತೇ ಮಕ್ಕಳಿದ್ದರೆ ಒಬ್ಬರು ಸಾಕು ಅಂತ ಅದರಲ್ಲಿ ಬರೆದಿಲ್ಲ. ಇದನ್ನು ನಮ್ಮ ಪಂಚಾಯಿತಿ ಸದಸ್ಯರಿಗೆ ಹೇಳಿದೆ. ರಾಜ್ಯೋತ್ಸವದ ದಿನ ಮೈಕ್ ಬಿಡದೆ ಕನ್ನಡ ಶಾಲೆ ಉಳಿಸಿ ಅನ್ನುವವರು ಇವರೇ. "ಮೊದಲು ಮಕ್ಕಳು ಬರಲಿ, ಆಮೇಲೆ ಟೀಚರ್ ಕೇಳೋಣ" ಅಂದರು. ಅವರ ಇಬ್ಬರು ಮಕ್ಕಳೂ ವ್ಯಾನಿನಲ್ಲೇ ಹೋಗುತ್ತಾರೆ. ಅದನ್ನೂ ಕೇಳಿಬಿಟ್ಟೆ. ಆವತ್ತಿಂದ ನನ್ನ ಜೊತೆ ಮಾತಿಲ್ಲ.

ಮೇಡಂಗೆ ಗುರುವಾರ ಮತ್ತೆ ಮೀಟಿಂಗ್ ಇತ್ತು. ದಾಖಲಾತಿ ಹೆಚ್ಚಿಸುವುದು ಹೇಗೆ ಅಂತ ಚರ್ಚೆಯಂತೆ.