ಬಲ್ಬ್ ಬದಲಾಯಿಸಿದೆ, ಡಿಮ್ಮರ್ ಮರೆತೆ

ಮೈಸೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ಹೋದ ವರ್ಷ ರಿಟೈರ್ ಆದ ಮೇಷ್ಟ್ರೊಬ್ಬರ ಮನೆ ಹಾಲ್‌ನಲ್ಲಿ 60 ವಾಟ್‌ನ ಆರು ಹಳೇ ಬಲ್ಬ್ ತೆಗೆದು 7 ವಾಟ್‌ನ ಎಲ್‌ಇಡಿ ಹಾಕಿದೆ. ಬೆಳಕು ಹೆಚ್ಚು ಕಮ್ಮಿ ಮಾಡುವ ಡಿಮ್ಮರ್ ಚೆನ್ನಾಗಿಯೇ ಇತ್ತು, ಹಾಗೇ ಬಿಟ್ಟೆ. ಮೇಷ್ಟ್ರ ಹೆಂಡತಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಜಾಸ್ತಿ ಬೆಳಕು ಅವರ ಕಣ್ಣಿಗೆ ಆಗುತ್ತಿರಲಿಲ್ಲ. ಡಿಮ್ಮರ್ ಆ ಮನೆಯಲ್ಲಿ ಶೋಕಿಗೆ ಇದ್ದದ್ದಲ್ಲ.

ಸಂಜೆಯೇ ಫೋನ್. "ಏನಪ್ಪಾ, ಬೆಳಕು ಕಮ್ಮಿ ಮಾಡಿದರೆ ಬಲ್ಬೆಲ್ಲ ಮಿಣಮಿಣ ಅಂತಿವೆ. ಇವಳು ಕಣ್ಣು ಮುಚ್ಚಿಕೊಂಡು ಕೂತಿದ್ದಾಳೆ."

ಮಾರನೇ ದಿನ ಹೋಗಿ ಬಲ್ಬಿನ ಡಬ್ಬ ನೋಡಿದೆ. 'ಡಿಮ್ಮಬಲ್', ಅಂದರೆ ಡಿಮ್ಮರ್‌ಗೆ ಹಾಕಬಹುದು ಅಂತ ಎಲ್ಲೂ ಇಲ್ಲ. ತಪ್ಪು ನನ್ನದೇ. ನನ್ನ ದುಡ್ಡಲ್ಲೇ ಡಿಮ್ಮಬಲ್ ಬಲ್ಬ್ ತಂದು ಹಾಕಿದೆ. ಮಿಣುಕು ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಸ್ವಿಚ್ ಬೋರ್ಡಿನಿಂದ ಗುಂಯ್ ಅನ್ನುವ ಸದ್ದು ಬೇರೆ.

ಏನೋ ಹೊಳೆದು ಒಂದು ಹೋಲ್ಡರ್‌ಗೆ ಹಳೇ 60 ವಾಟ್ ಬಲ್ಬನ್ನೇ ವಾಪಸ್ ಹಾಕಿದೆ. ಉಳಿದ ಐದೂ ತಟ್ಟನೆ ಸುಮ್ಮನಾದವು! ಡಿಮ್ಮರ್ ಬಿಚ್ಚಿ ಹಿಂದೆ ನೋಡಿದರೆ, ಕನಿಷ್ಠ ಲೋಡ್ 60 ವಾಟ್ ಅಂತ ಇದೆ, ಅಂದರೆ ಅಷ್ಟು ವಾಟ್‌ನ ಬಲ್ಬಾದರೂ ಅದರ ಮೇಲೆ ಇರಬೇಕು. ಮೊದಲು ಅದರ ಮೇಲೆ 360 ವಾಟ್ ಇತ್ತು. ಈಗ ಆರೂ ಬಲ್ಬ್ ಸೇರಿ ಬರೀ 42.

ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಅಲೆ, ಒಂದೊಂದು ಅಲೆಗೂ ಎರಡು ಅರ್ಧ. ಡಿಮ್ಮರ್ ಸೆಕೆಂಡಿಗೆ 100 ಸಲ ಕರೆಂಟಿನ ಅಲೆಯನ್ನು ಕತ್ತರಿಸುತ್ತದೆ. ಹಳೇ ಡಿಮ್ಮರ್ ಒಳಗಿನ ಟ್ರಯಾಕ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಆನ್ ಆಗಿ ಉಳಿಯಬೇಕಾದರೆ ಒಂದಿಷ್ಟು ಕರೆಂಟ್ ಹರಿಯುತ್ತಲೇ ಇರಬೇಕು. ಸಾಲದಿದ್ದರೆ ನಡುವೆಯೇ ಕೈಬಿಡುತ್ತದೆ. ಹಳೇ ಬಲ್ಬಾದರೆ ಕಾದ ತಂತಿ ಅಷ್ಟು ಬೇಗ ಆರುವುದಿಲ್ಲ, ಕಣ್ಣಿಗೂ ಗೊತ್ತಾಗುವುದಿಲ್ಲ. ಎಲ್‌ಇಡಿ ಮುಚ್ಚಿಡುವುದಿಲ್ಲ, ಎಲ್ಲವನ್ನೂ ತೋರಿಸಿಬಿಡುತ್ತದೆ.

ಎಲ್‌ಇಡಿಗೇ ಅಂತ ಬರುವ ಟ್ರೇಲಿಂಗ್ ಎಡ್ಜ್ ಡಿಮ್ಮರ್ ತಂದೆ. ಇದು ಅಲೆಯ ಕೊನೆಯ ಭಾಗವನ್ನು ಕತ್ತರಿಸುತ್ತದೆ. ಹಳೆಯದರ ಹಾಗೆ ಕರೆಂಟು ದಿಢೀರ್ ಅಂತ ನುಗ್ಗುವುದಿಲ್ಲ. ಗುಂಯ್ ಸದ್ದೂ ನಿಂತಿತು. ಆದರೆ ಎಲ್ಲ ಬಲ್ಬಿಗೂ ಇದೇ ಸರಿ ಅನ್ನುವಂತಿಲ್ಲ. ಬಲ್ಬ್ ಕಂಪನಿಯವರು ಯಾವ ಡಿಮ್ಮರ್ ಹೊಂದುತ್ತದೆ ಅಂತ ಕೊಟ್ಟಿದ್ದರೆ ಓದಿ. ನಾನಂತೂ ಈಗ ಮೊದಲು ಸ್ಯಾಂಪಲ್ ತಂದು, ಅದೇ ಡಿಮ್ಮರ್‌ಗೆ ಹಾಕಿ, ತೀರಾ ಕಮ್ಮಿ ಬೆಳಕಲ್ಲಿ ನೋಡಿಯೇ ಉಳಿದ ಮಾಲ್ ತರುತ್ತೇನೆ. ಹಾಂ, ದಯವಿಟ್ಟು ಫ್ಯಾನ್ ರೆಗ್ಯುಲೇಟರ್‌ಗೆ ಬಲ್ಬ್ ಕೊಡಬೇಡಿ. ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಹೊಸ ಡಿಮ್ಮರ್‌ನಲ್ಲಿ ತೀರಾ ಕಮ್ಮಿ ಬೆಳಕು ಎಷ್ಟಿರಬೇಕು ಅಂತ ಹೊಂದಿಸಲು ಚಿಕ್ಕ ಸ್ಕ್ರೂ ಇತ್ತು. ಅಮ್ಮನವರನ್ನು ಅವರ ಕುರ್ಚಿಯಲ್ಲೇ ಕೂರಿಸಿ ನಿಧಾನಕ್ಕೆ ತಿರುಗಿಸಿದೆ. "ಇನ್ನೊಂಚೂರು ಕಮ್ಮಿ... ಹಾಂ, ಸಾಕಪ್ಪ" ಅಂದರು. ಸ್ಕ್ರೂ ಅಲ್ಲಿಗೇ ಬಿಟ್ಟೆ.