ಅವ್ವನ ಫೋನಿಗೆ ಬರೋ ಕಳ್ಳ ಕಾಲ್

ಇಲ್ಲಿ ವಿಜಯಪುರದಾಗ ಅವ್ವ ರೊಟ್ಟಿ ಬಡಿಯಾಕ ಕುಂತ್ಳಂದ್ರ ಫೋನ್ ಶುರು, ಹಿಟ್ಟಿನ ಕೈಲೇ ಎತ್ತಿದ್ರ ಕೆವೈಸಿ ಮುಗದದ, ಸಿಮ್ ಬಂದ್ ಆಗ್ತದ, ಒಟಿಪಿ ಹೇಳ್ರಿ ಅಂತಾರ. ನಿನ್ನೆ ಒಬ್ಬಾಂವ ಪೊಲೀಸ್ ಅಂತ ಹೇಳಿ ವಿಡಿಯೋ ಕಾಲ್‌ನ್ಯಾಗ ಅರೆಸ್ಟ್ ಮಾಡ್ತೀನಿ ಅಂದ, ಪಾಪ ಅವ್ವನ ಕೈ ನಡುಗಾಕತ್ತಿತ್ತು, ನನಗ ಭಾಳ ಸಿಟ್ಟು ಬಂತು. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಾಗ ಇಲ್ಲೇ ಇಲ್ರಿ! ಹಿರಿಯರು ಯಾರ ಫೋನ್ ಮಾಡಿದ್ರೂ ಮರ್ಯಾದಿಲೇ ಮಾತಾಡೋ ಮಂದಿ, ನಡುವ ಕಟ್ ಮಾಡೋದು ಅವರಿಗೆ ತಪ್ಪು ಅನಸ್ತದ, ಅದನ್ನ ಈ ಕಳ್ಳರು ಹಿಡಕೊಂಡಾರ. 1909ಕ್ಕ ಫೋನ್ ಮಾಡಿ ಡಿಎನ್‌ಡಿ, ಅಂದ್ರ ಜಾಹೀರಾತು ಬ್ಯಾಡ ಅಂತ ನೋಂದಣಿ, ಹಾಕ್ಸಿದ್ರ ಜಾಹೀರಾತು ಕಾಲ್ ಕಡಿಮಿ ಆಗ್ತಾವ, ಇಂಥವು ನಿಲ್ಲಂಗಿಲ್ಲ. ರೊಕ್ಕ ಹೋಗಿದ್ರ ತಡಾ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ರಿ, ನಿಮ್ಮ ಅವ್ವ ಅಪ್ಪಗೂ ಇವತ್ತ ಹೇಳಿಡ್ರಿ.