ಜಿಸಿಸಿಯಲ್ಲಿ ಇನ್‌ಲೈನ್ ಅಸೆಂಬ್ಲಿ: ಕನ್‌ಸ್ಟ್ರೇಂಟ್ ತಪ್ಪಿದರೆ ಏನಾಗುತ್ತದೆ

ಸಿ ಕೋಡ್ ನಡುವೆಯೇ ಅಸೆಂಬ್ಲಿ ಬರೆಯುವುದು ಇನ್‌ಲೈನ್ ಅಸೆಂಬ್ಲಿ; ಹಾಗೆ ಬರೆದ ತುಣುಕನ್ನು ಇಲ್ಲಿ ಬ್ಲಾಕ್ ಎನ್ನೋಣ. ಅದರ ಕೋಟ್ ಒಳಗೆ ನೀವು ಬರೆದ ಇನ್‌ಸ್ಟ್ರಕ್ಷನ್‌ಗಳ ಅರ್ಥ ಜಿಸಿಸಿ ಕಂಪೈಲರ್‌ಗೆ ಬೇಕಿಲ್ಲ. %0, %1 ಇದ್ದಲ್ಲಿ ರಿಜಿಸ್ಟರ್ ಹೆಸರು ತುಂಬಿ, ಉಳಿದದ್ದನ್ನು ಅಸೆಂಬ್ಲರ್‌ಗೆ ದಾಟಿಸುತ್ತದೆ, ಅಷ್ಟೇ. ಒಳಗೆ ಏನು ಬದಲಾಗುತ್ತದೆ ಎಂದು ಅದು ತಿಳಿಯುವುದು ಕೋಲನ್ ಹಾಕಿ ಕೊಡುವ ಮೂರು ಪಟ್ಟಿಗಳಿಂದ: ಔಟ್‌ಪುಟ್, ಇನ್‌ಪುಟ್, ಕ್ಲಾಬರ್ (ಔಟ್‌ಪುಟ್ ಅಲ್ಲದೆ ಬ್ಲಾಕ್ ಬದಲಿಸುವ ಉಳಿದವು). ಕಲಿಯುವವರು ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಪಟ್ಟಿಗಳಿಗೆ.

ಮೊದಲ ಅಭ್ಯಾಸಕ್ಕೆ ಎಕ್ಸ್86 ಪ್ರೊಸೆಸರ್‌ನ ಟೈಮ್‌ಸ್ಟ್ಯಾಂಪ್ ಕೌಂಟರ್ ಓದುವ ಆರ್‌ಡಿಟಿಎಸ್‌ಸಿ ಇನ್‌ಸ್ಟ್ರಕ್ಷನ್ ಒಳ್ಳೆಯದು. ಇನ್‌ಪುಟ್ ಇಲ್ಲ. ಟೈಮ್‌ಸ್ಟ್ಯಾಂಪ್ ಕೌಂಟರ್‌ನ ಕೆಳಗಿನ 32 ಬಿಟ್ ಇಎಎಕ್ಸ್‌ಗೆ, ಮೇಲಿನ 32 ಬಿಟ್ ಇಡಿಎಕ್ಸ್‌ಗೆ ಬರುತ್ತವೆ. 32 ಬಿಟ್‌ನ ಎರಡು ಅನ್‌ಸೈನ್ಡ್ ವೇರಿಯಬಲ್ ಇಟ್ಟುಕೊಂಡು, ಒಂದಕ್ಕೆ ‘=’ ಜೊತೆ ಸ್ಮಾಲ್ ಎ, ಇನ್ನೊಂದಕ್ಕೆ ‘=’ ಜೊತೆ ಸ್ಮಾಲ್ ಡಿ ಕೊಡಿ. ಈ ಗುರುತುಗಳೇ ಕನ್‌ಸ್ಟ್ರೇಂಟ್: ‘=’ ಎಂದರೆ ಔಟ್‌ಪುಟ್, ಎ ಎಂದರೆ ಇಎಎಕ್ಸ್, ಡಿ ಎಂದರೆ ಇಡಿಎಕ್ಸ್. ಆಮೇಲೆ ಮೇಲಿನ ಭಾಗವನ್ನು 64 ಬಿಟ್‌ಗೆ ಕಾಸ್ಟ್ ಮಾಡಿ, 32 ಸ್ಥಾನ ಎಡಕ್ಕೆ ಶಿಫ್ಟ್ ಮಾಡಿ, ಕೆಳಗಿನದರೊಂದಿಗೆ ಆರ್ (|) ಮಾಡಿ. ಹಳೆಯ ಕೋಡ್‌ನಲ್ಲಿ ಕ್ಯಾಪಿಟಲ್ ಎ ಕಾಣಿಸುತ್ತದೆ. 32 ಬಿಟ್ ಟಾರ್ಗೆಟ್‌ನಲ್ಲಿ ಅದು ಎರಡೂ ರಿಜಿಸ್ಟರ್‌ಗಳ ಜೋಡಿ. 64 ಬಿಟ್‌ನಲ್ಲಿ ಅದೇ ಅಕ್ಷರಕ್ಕೆ ಎರಡರಲ್ಲಿ ಒಂದು ಮಾತ್ರ ಸಿಕ್ಕಿ, ಅರ್ಧ ಬೆಲೆ ಕಳೆದುಹೋಗುತ್ತದೆ. ಕಂಪೈಲರ್ ಮಾತ್ರ ತುಟಿಪಿಟಕ್ ಎನ್ನುವುದಿಲ್ಲ.

ಬ್ಲಾಕನ್ನು ತೆಗೆಯಬೇಡ ಎಂದು ಕಂಪೈಲರ್‌ಗೆ ಹೇಳುವ ವೊಲಟೈಲ್ ಎಂಬ ಪದ ಬಿಟ್ಟರೆ ಇನ್ನೊಂದು ತೊಂದರೆ. ಇನ್‌ಪುಟ್ ಇಲ್ಲದ ಒಂದೇ ರೀತಿಯ ಎರಡು ಬ್ಲಾಕ್‌ಗಳ ಫಲ ಒಂದೇ ಎಂದುಕೊಂಡು ಆಪ್ಟಿಮೈಸರ್ ಎರಡನೆಯದನ್ನು ತೆಗೆದುಬಿಡಬಹುದು. ಸಮಯ ಅಳೆಯಲು ಎರಡು ಸಲ ಓದಿದ್ದರೆ, ಆಗ ವ್ಯತ್ಯಾಸ ಸೊನ್ನೆ. ಕ್ಲಾಬರ್‌ನಲ್ಲಿ ಮೆಮೊರಿ ಎಂದು ಸೇರಿಸಿದರೆ ಮೆಮೊರಿ ಓದು-ಬರಹ ಬ್ಲಾಕ್ ದಾಟಿ ಸರಿಯುವುದಿಲ್ಲ. ರಿಜಿಸ್ಟರ್‌ನಲ್ಲೇ ನಡೆಯುವ ಲೆಕ್ಕ ಆಗಲೂ ಸರಿಯಬಹುದು, ನೆನಪಿರಲಿ. ಇದೆಲ್ಲ ಕಂಪೈಲರ್‌ಗೆ ಕಟ್ಟಿದ ಬೇಲಿ. ಪ್ರೊಸೆಸರ್ ಕ್ರಮ ಬದಲಿಸದಂತೆ ತಡೆಯಲು ಇಂಟೆಲ್‌ನಲ್ಲಿ ಆರ್‌ಡಿಟಿಎಸ್‌ಸಿಗೆ ಮುಂಚೆ ಎಲ್‌ಫೆನ್ಸ್ ಇನ್‌ಸ್ಟ್ರಕ್ಷನ್ ಹಾಕಬೇಕು.

ಒಂದಕ್ಕಿಂತ ಹೆಚ್ಚು ಇನ್‌ಸ್ಟ್ರಕ್ಷನ್ ಬಂದಾಗ ಔಟ್‌ಪುಟ್ ಕನ್‌ಸ್ಟ್ರೇಂಟ್‌ನಲ್ಲಿ ‘&’ ಮರೆಯಬೇಡಿ. ಔಟ್‌ಪುಟ್ ಬರೆಯುವ ಹೊತ್ತಿಗೆ ಇನ್‌ಪುಟ್‌ಗಳ ಕೆಲಸ ಮುಗಿದಿರುತ್ತದೆ ಎಂದು ಜಿಸಿಸಿ ಎಣಿಸಿ, ಎರಡಕ್ಕೂ ಒಂದೇ ರಿಜಿಸ್ಟರ್ ಕೊಡಬಹುದು. ಮೊದಲ ಸಾಲೇ ಔಟ್‌ಪುಟ್ ಬರೆದರೆ ಎರಡನೇ ಸಾಲಿಗೆ ಬೇಕಾದ ಇನ್‌ಪುಟ್ ಅಳಿಸಿರುತ್ತದೆ. 64 ಬಿಟ್ ಲಿನಕ್ಸ್‌ನಲ್ಲಿ ಬ್ಲಾಕ್ ಒಳಗೆ ಪುಷ್ ಮಾಡುವುದೂ ಅಪಾಯ: ಸ್ಟ್ಯಾಕ್ ಪಾಯಿಂಟರ್‌ನ ಕೆಳಗಿನ 128 ಬೈಟ್ ರೆಡ್ ಝೋನ್‌ನಲ್ಲಿ ಫಂಕ್ಷನ್‌ನ ಲೋಕಲ್ ವೇರಿಯಬಲ್‌ಗಳು ಇರಬಹುದು, ಪುಷ್ ಅವುಗಳ ಮೇಲೆ ಬರೆದುಬಿಡಬಹುದು.

ಆಪ್ಟಿಮೈಸೇಶನ್ ಇಲ್ಲದೆ ಸರಿಯಾಗಿ ಓಡಿತು ಎಂದು ನಂಬಬೇಡಿ. -ಓ2 ಜೊತೆ -ಎಸ್ (ಎರಡೂ ಕ್ಯಾಪಿಟಲ್) ಕೊಟ್ಟು ಹುಟ್ಟುವ ಅಸೆಂಬ್ಲಿ ಫೈಲ್ ತೆರೆದು, ಆ್ಯಪ್ ಮತ್ತು ನೋ-ಆ್ಯಪ್ ಗುರುತುಗಳ ನಡುವೆ ಯಾವ ರಿಜಿಸ್ಟರ್ ಬಂದಿದೆ, ಬ್ಲಾಕ್ ಎಷ್ಟು ಸಲ ಉಳಿದಿದೆ ನೋಡಿ.